ಹಳದಿ ಕಲ್ಲಿನಿಂದ ಇಳಿಯುವುದು

ಗಂಟು ಬಿಚ್ಚಿಕೊಂಡಿತು. ಹಸೀನಾಬೀ ಸೊಂಟದ ಹಗ್ಗವನ್ನು ಸಡಿಲಿಸಿ, ಕಪ್ಪು ನೀರಿನಲ್ಲಿ ಕೈಯಾಡಿಸಿ ಪಂಪಿನ ಪೈಪು ಹುಡುಕಿದಳು. ಪಾಚಿ ಹಿಡಿದ ಪೈಪು. ಅದಕ್ಕೆ ಹಗ್ಗ ಸುತ್ತಿ ಬಿಗಿದು ಒಮ್ಮೆ ಜಗ್ಗಿದಳು. ಮೇಲಿನಿಂದಲೂ ಯಾರೋ ಜಗ್ಗಿದರು. ಇದ್ದೀಯಾ ಎಂದು ಕೇಳುವ ಜಗ್ಗು ಅದು. ಪೈಪು ಅಲ್ಲಾಡದೆ, ಇದ್ದೇನೆ ಎಂದಿತು.

ಕಾಲಿನ ರಬ್ಬರ್ ರೆಕ್ಕೆಗಳನ್ನು ಒಮ್ಮೆ ಬಡಿದಳು. ನೀರು ದಾರಿ ಬಿಟ್ಟಿತು. ತಲೆಯ ಮೇಲೆ ಬಾವಿಯ ಬಾಯಿ ಚೌಕ ಬೆಳಕಾಗಿ ನಿಂತಿತ್ತು. ಅದರ ಒಂದು ಅಂಚಿನಲ್ಲಿ ತಮ್ಮನ ತಲೆ, ಇನ್ನೊಂದು ಅಂಚಿನಲ್ಲಿ ಅಪ್ಪನ ಮೊಣಕಾಲು. ಅವಳು ಇಬ್ಬರ ಕೆಳಗೂ ಹಾದುಹೋದಳು. ತಳದ ಕೆಸರು ಹೊಟ್ಟೆಗೆ ತಾಗುವಷ್ಟು ಹತ್ತಿರವಿತ್ತು. ಕಿವಿಯೊಳಗೆ ತನ್ನದೇ ರಕ್ತದ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಭಯ ಬಂತು. ಬಂದದ್ದು ಹೋಗಲಿಲ್ಲ, ಆದರೆ ಪಕ್ಕಕ್ಕೆ ಸರಿದು ಜೊತೆಗೇ ಈಜಿತು. ಎದೆ ಉರಿಯತೊಡಗಿದ ಮೇಲೂ ಅವಳು ಇನ್ನಷ್ಟು ಹೊತ್ತು ಅಲ್ಲೇ ಉಳಿದಳು.

ಆಚೆ ಗೋಡೆಯಲ್ಲಿ ಕಲ್ಲಿನ ಸಂದಿಯಿಂದ ಅತ್ತಿಗಿಡ ಹುಟ್ಟಿತ್ತು. ಅದರ ಕೆಳಗೆ ಸದ್ದಿಲ್ಲದೆ ತಲೆ ಎತ್ತಿದಳು.

ಈಚೆ ಮೆಟ್ಟಿಲ ಮೇಲೆ ತಮ್ಮ ಚಾಂದ್‌ಪಾಷಾ ಎರಡೂ ಕೈಯಿಂದ ಹಗ್ಗ ಎಳೆಯುತ್ತಿದ್ದ. "ಆಪಾ! ಸಾಕು, ಮ್ಯಾಲೆ ಬಾ! ಅಬ್ಬಾ, ಬರವಲ್ಲಳು! ಎಲ್ಲೋ ಸಿಕ್ಕೊಂಡಾಳ!"

ಅಪ್ಪ ನನ್ನೇಸಾಬ ಬೀಡಿ ಸೇದುತ್ತ ಕೂತಿದ್ದ. ಅತ್ತಿಗಿಡದ ಕೆಳಗೆ ನೀರು ಕದಲಿದ್ದನ್ನು ಅವನು ನೋಡಿದ್ದ. ಬೀಡಿಯ ಬೂದಿ ಕೊಡವಿದ.

"ಯಾರನ್ನ ಜಗ್ಗಾಕತ್ತೀಯೋ ಪಾಷಾ?" ಎಂದಳು ಹಸೀನಾಬೀ.

ತಮ್ಮ ತಿರುಗಿ ನೋಡಿದ. ಹಗ್ಗ ನೋಡಿದ. ಮತ್ತೆ ಅವಳನ್ನು ನೋಡಿ, ಹಗ್ಗ ಕೆಳಗೆ ಹಾಕಿ ಕೂತ.

"ಊರ ಮಂದಿ ಬಾವಿಗೆ ಪೈಪ್ ಇಳಿಸಿ, ಪೈಪ್ ಜಗ್ಗಿ ಹೊಟ್ಟಿ ಹೊರಕೊಳ್ಳಾಂವ ನೀ. ಪೈಪಿಗೂ ಅಕ್ಕಗೂ ಫರಕ್ ತಿಳೀಲಿಲ್ಲೇನು?"

"ನಗು, ನಗು. ಪೈಪಿನ ಬುಡದ ಫುಟ್‌ವಾಲ್ ಕಿತ್ತು ಬಂದಿದ್ರ ಯಾರು ಕೂಡಿಸಿ ಕೊಡತಿದ್ರು?"

"ನೀನ."

ಅವನಿಗೆ ನಗು ಬರಲಿಲ್ಲ. ಹಗ್ಗ ಎಳೆದೆಳೆದು ಅಂಗೈ ಸುಲಿದಿತ್ತು. ಅದನ್ನು ಅವಳು ನೋಡದ ಹಾಗೆ ತೊಡೆಯ ಕೆಳಗೆ ಇಟ್ಟುಕೊಂಡ. ಅವಳು ನೋಡಿದಳು.

ಅವರು ಚಿಕ್ಕವರಿದ್ದಾಗ ಇದೇ ಬಾವಿಯಲ್ಲಿ, ಇದೇ ಮೆಟ್ಟಿಲ ಮೇಲೆ ನಿಂತು, ನನ್ನೇಸಾಬ ಇಬ್ಬರಿಗೂ ಸೊಂಟಕ್ಕೆ ಹಗ್ಗ ಕಟ್ಟಿ, ಬೆನ್ನಿಗೆ ಒಣ ಸೋರೆಬುರುಡೆ ಬಿಗಿದು ಈಜು ಕಲಿಸಲು ನೋಡಿದ್ದ. ಮಗಳು ಮೊದಲ ಬೇಸಿಗೆಯಲ್ಲೇ ಬುರುಡೆ ಬಿಚ್ಚಿ ಎಸೆದಳು. ಮಗ ಮಸ್ಕಿಯ ಅರ್ಧ ಊರು ಕೂಡುವಂತೆ ಕಿರುಚಿ ಮೇಲೆ ಹತ್ತಿದವನು ಮತ್ತೆ ಇಳಿಯಲಿಲ್ಲ. ಈಗ ಅವನಿಗೆ ಲಿಂಗಸುಗೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ನೀರೆತ್ತುವ ಯಂತ್ರಗಳ ನಡುವೆ ಬದುಕುತ್ತಾನೆ, ಮೊಣಕಾಲಿಗಿಂತ ಆಳದ ನೀರಿಗೆ ಕಾಲಿಡುವುದಿಲ್ಲ. ಹಸೀನಾಬೀ ಮಸ್ಕತ್‌ನ ಆಸ್ಪತ್ರೆಯೊಂದರಲ್ಲಿ ನರ್ಸು. ಅಲ್ಲಿಯ ಕ್ಲಬ್ಬಿನವರ ಜೊತೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕೆ ಇಳಿಯುವುದನ್ನು ಕಲಿತಿದ್ದಳು. ರಜೆಯಲ್ಲಿ ಊರಿಗೆ ಬರುವಾಗ ಸೀರೆ, ಸೆಂಟು, ಖರ್ಜೂರದ ಜೊತೆಗೆ ಮೂಗು ಮುಚ್ಚುವ ಕನ್ನಡಕ ಮತ್ತು ಕಾಲಿನ ರೆಕ್ಕೆಗಳನ್ನೂ ತಂದಿದ್ದಳು. ಮೈತುಂಬ ತೊಡುವ ಕಪ್ಪು ರಬ್ಬರಿನ ಅಂಗಿ ನೋಡಿ ಪಕ್ಕದ ಮನೆಯ ಪಕೀರಮ್ಮ, "ನಿಮ್ಮ ಬಾವ್ಯಾಗ ಎಮ್ಮಿ ಬಿದ್ದದ ನೋಡ್ರಿ" ಎಂದು ಕೂಗಿದ್ದಳು.

ಆ ಮಧ್ಯಾಹ್ನ ಹೊರಸಿನ ಮೇಲೆ ಬಣ್ಣಬಣ್ಣದ ಮೂರು ಪ್ರವಾಸ ಪುಸ್ತಿಕೆಗಳು ಬಿದ್ದಿದ್ದವು. ಮೂರೂ ಕೆರಿಬಿಯನ್ ಸಮುದ್ರದವು. ನವೆಂಬರಿನಲ್ಲಿ ಅವಳಿಗೆ ಇನ್ನೊಂದು ರಜೆ ಇತ್ತು. ಆಗ ಅವಳು ಊರಿಗೆ ಬರುವುದಿಲ್ಲ, ಅಲ್ಲಿಗೆ ಹೋಗುತ್ತಾಳೆ, ಒಬ್ಬಳೇ. ಹೀಗೆಂದು ಊಟದ ನಡುವೆ, ಉಪ್ಪಿನಕಾಯಿ ಕೇಳುವ ದನಿಯಲ್ಲಿ ಹೇಳಿದಳು. ಮನೆಯ ಮಾತು ದಖನಿಯಾದರೂ ಆ ಮನೆಯ ಜಗಳಗಳು ಯಾವಾಗಲೂ ಕನ್ನಡಕ್ಕೆ ತಿರುಗುತ್ತಿದ್ದವು.

"ಸಮುದ್ರ ಮಸ್ಕತ್‌ನ್ಯಾಗ ಇಲ್ಲೇನು?" ಎಂದ ಚಾಂದ್‌ಪಾಷಾ.

"ಅದ."

"ಮತ್ತ?"

ಹಸೀನಾಬೀ ಹೇಗೆ ಹೇಳುವುದೆಂದು ಯೋಚಿಸಿದಳು. ಮಸ್ಕತ್‌ನಲ್ಲಿ ಹಾಸ್ಟೆಲಿನ ಬಾಗಿಲಲ್ಲಿ ವಾರ್ಡನ್ ಹೆಸರು ಗುರುತು ಹಾಕಿಕೊಳ್ಳುತ್ತಾಳೆ. ಆಸ್ಪತ್ರೆಯ ಬಸ್ಸಿನಲ್ಲಿ ಡ್ರೈವರ್ ತಲೆ ಎಣಿಸುತ್ತಾನೆ. ದೋಣಿಯಲ್ಲಿ, ನೀರಿನಿಂದ ಮೇಲೆ ಬಂದ ಕೂಡಲೇ, ಒಬ್ಬೊಬ್ಬರದೇ ಹೆಸರು ಕೂಗುತ್ತಾರೆ. ನೀರಿನ ಒಳಗೂ ಜೊತೆಗಾರ್ತಿ ಇರುತ್ತಾಳೆ. ಅದು ನಿಯಮ, ಒಳ್ಳೆಯ ನಿಯಮ. ಈ ವರ್ಷಗಳಲ್ಲಿ ಅವಳು ಒಬ್ಬಳೇ ಇದ್ದದ್ದು ಬಚ್ಚಲಲ್ಲಿ ಮಾತ್ರ. ಅಲ್ಲಿಯೂ ಮುಂದಿನವಳು ಹೊರಗಿನಿಂದ ಬಾಗಿಲು ಬಡಿಯುತ್ತಿದ್ದಳು.

"ಅಲ್ಲಿ ನನ್ನ ಎಣಿಸತಾರ," ಎಂದಳು. "ಎಣಿಸೋರು ಇಲ್ಲದ ನೀರಿಗೆ ಒಂದು ಸಲ ಇಳೀಬೇಕು."

"ಎಣಿಸಲಿಲ್ಲಂದ್ರ, ನೀ ಮ್ಯಾಲೆ ಬರಲಿಲ್ಲಂತ ಯಾರಿಗೆ ಗೊತ್ತಾಗಬೇಕು?"

"ನಂಗ ಗೊತ್ತಾಗತದ."

ಅವನು ಪುಸ್ತಿಕೆಗಳನ್ನು ಸರಿಸಿ ಎಲ್ಲಕ್ಕಿಂತ ದಪ್ಪದ್ದನ್ನು ಎತ್ತಿಕೊಂಡ. ದೊಡ್ಡ ಹೋಟೆಲು, ಬಿಳಿ ಕಟ್ಟಡ, ತೆಂಗಿನ ಮರಗಳ ಸಾಲು. "ಹೋಗೋದ ಖರೆ ಅಂದ್ರ ಇದು ನೋಡು. ಗೇಟ್ ಅದ. ಗೇಟಿಗೆ ವಾಚ್‌ಮನ್ ಇದ್ದಾನ, ಟೊಪ್ಪಿಗಿ ಹಾಕ್ಯಾನ."

"ಅವರ ದೋಣಿ ಇಪ್ಪತ್ತು ಮಂದೀನ ಕುರಿ ಹಂಗ ತುಂಬಿಕೊಂಡು ಹೋಗತದ. ಬ್ಯಾಡ."

"ಇದು?"

"ಅವರು ಒಂಟಿ ಬಂದೋರಿಗೆ ತಾವ ಜೋಡಿ ಹುಡುಕಿ ಕೊಡತಾರಂತ."

"ನಿಖಾ ಮಾಡಿಸ್ತಾರೇನು?" ಎಂದ ಚಾಂದ್‌ಪಾಷಾ. ಅಪ್ಪ ಮೊದಲ ಬಾರಿ ನಕ್ಕ.

ಮೂರನೆಯದು ಪುಸ್ತಿಕೆಯೇ ಅಲ್ಲ, ಒಂದು ಮಡಿಸಿದ ಹಾಳೆ. ಬೊನೇರ್ ಎಂಬ ದ್ವೀಪ. ಅಲ್ಲಿ ಮಾರ್ತಾ ಎಂಬ ಹೆಂಗಸಿನ ಮನೆ, ಕೆಲವೇ ಕೋಣೆಗಳು. ಅವಳು ಸಿಲಿಂಡರ್ ಕೊಡುತ್ತಾಳೆ, ಹಳೆಯ ಜೀಪು ಕೊಡುತ್ತಾಳೆ; ದೋಣಿ ಇಲ್ಲ. ಆ ದ್ವೀಪದ ಸುದ್ದಿ ಹೇಳಿದ್ದು ಕಾಲು ಮುರಿದುಕೊಂಡು ಅವಳ ವಾರ್ಡಿನಲ್ಲಿ ಮಲಗಿದ್ದ ಡಚ್ ಇಂಜಿನಿಯರ್. ಸಮುದ್ರದ ಬಗಲಲ್ಲೇ ರಸ್ತೆ ಹೋಗುತ್ತದೆ, ಅಲ್ಲಲ್ಲಿ ಹಳದಿ ಬಣ್ಣ ಬಳಿದ ಕಲ್ಲು ಇಟ್ಟಿದ್ದಾರೆ, ಕಲ್ಲು ಕಂಡಲ್ಲಿ ಗಾಡಿ ನಿಲ್ಲಿಸಿ ನಡೆದುಕೊಂಡೇ ನೀರಿಗೆ ಇಳಿಯಬಹುದು ಎಂದಿದ್ದ. ಹಾಳೆಯಲ್ಲಿ ಒಂದೇ ಚಿತ್ರವಿತ್ತು: ರಸ್ತೆ, ಕಲ್ಲು, ನೀರು. ಮನುಷ್ಯರಿರಲಿಲ್ಲ.

ನನ್ನೇಸಾಬ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. "ಮೆಟ್ಟಿಲು ಇಲ್ಲೇನವ್ವಾ?"

"ಇಲ್ಲ ಅಬ್ಬಾ. ಉಸುಕು, ಆಮ್ಯಾಲೆ ನೀರು."

"ಚಲೋ ಅದ," ಎಂದು ಹಾಳೆ ವಾಪಸ್ ಕೊಟ್ಟ.

ಮರುದಿನ ಅವಳು ಸಿಂಧನೂರಿಗೆ ಹೋಗಿ, ಬಸ್‌ಸ್ಟ್ಯಾಂಡಿನ ಎದುರಿನ ಟೆಲಿಫೋನ್ ಅಂಗಡಿಯಲ್ಲಿ, ಫ್ಯಾಕ್ಸ್ ಕಳಿಸಲು ನಾಲ್ಕು ಸಾಲು ಬರೆದುಕೊಟ್ಟಳು. ಅಂಗಡಿಯ ಹುಸೇನ್‌ಸಾಬ್ ಅಪ್ಪನ ಹಳೆಯ ದೋಸ್ತ್. ಕೈಬರಹ ಪರದೇಶಕ್ಕೆ ಶೋಭಿಸುವುದಿಲ್ಲ, ಟೈಪ್ ಮಾಡಿ ಕಳಿಸುತ್ತೇನೆ, ನೀನು ಬಸ್ ಹಿಡಿ ಎಂದ. ಅವಳು ಬಸ್ ಹಿಡಿದಳು.

ಗುರುವಾರ ಉತ್ತರ ಬಂದಿತ್ತು. ಅಂಗಡಿಯಲ್ಲಿ, ಫೋನಿನ ಗಾಜಿನ ಕೋಣೆಯ ಹೊರಗೆ ನಿಂತೇ ಓದಿದಳು. ಶ್ರೀಮತಿ ಹಸೀನಾಬೀ ಮತ್ತು ಶ್ರೀ ಚಾಂದ್‌ಪಾಷಾ ಇಬ್ಬರಿಗೂ ಸ್ವಾಗತ. ಇಬ್ಬರ ಕೋಣೆ ಖಾಲಿ ಇದೆ. ಇಬ್ಬರಿಗೂ ಸಿಲಿಂಡರ್ ಸಿದ್ಧ. ಶುಕ್ರವಾರದವರೆಗೆ ಕೋಣೆ ಹಿಡಿದಿಡುತ್ತೇನೆ.

"ಚಾಚಾ, ಇದ್ರಾಗ ಪಾಷಾ ಹೆಂಗ ಬಂದ?"

"ನಾನ ಹಾಕೀನಿ," ಎಂದ ಹುಸೇನ್‌ಸಾಬ್, ಮೆಚ್ಚುಗೆ ನಿರೀಕ್ಷಿಸುತ್ತ. "ನೀ ಮರತಿದ್ದಿ ಬೇಟಿ. ಈ ಕೈಲೆ ಎಷ್ಟು ಹಜ್ ಅರ್ಜಿ ತುಂಬೀನಿ. ಹೆಣ್ಮಗಳ ಹೆಸರಿನ ಬಾಜೂ, ಜೊತಿಗೆ ಬರೋ ಗಂಡಸಿನ ಹೆಸರು ಇರಲಿಲ್ಲಂದ್ರ ಅರ್ಜಿ ವಾಪಸ್ ಬರತದ. ಗಂಡನರ ಇರಬೇಕು, ತಮ್ಮನರ ಇರಬೇಕು."

"ಅದು ಹಜ್‌ಗೆ, ಚಾಚಾ. ನಾ ಹೊಂಟಿದ್ದು ನೀರಾಗ ಇಳಿಯಾಕ."

"ನೀರಾಗ?" ಹುಸೇನ್‌ಸಾಬ್ ಕನ್ನಡಕ ತೆಗೆದ. "ಅಷ್ಟು ದೂರ?"

ಭತ್ತದ ದರ ಕೇಳಲು ಫೋನಿಗೆ ಕಾಯುತ್ತಿದ್ದ ಜವಳಗೇರಾದ ರೈತನೊಬ್ಬ ಬಾಯಿ ಹಾಕಿದ. "ಗೊರೇಬಾಳದ ಕಡೆ ಹೋಗವ್ವಾ. ಕಾಲುವಿ ದಂಡಿ ತುಂಬ ಬಿಟ್ಟಾರ. ಪುಕ್ಕಟ್ಟೆ!"

ಅಂಗಡಿ ನಕ್ಕಿತು. ಹಸೀನಾಬೀ ಕಾಗದ ಮಡಿಸಿದಳು. ಸುಮ್ಮನಿದ್ದರೆ ಕೋಣೆ ಸಿಕ್ಕಂತೆಯೇ. ಹೋದ ಮೇಲೆ, ತಮ್ಮನಿಗೆ ಹುಷಾರಿಲ್ಲ, ಬರಲಿಲ್ಲ ಎಂದರಾಯಿತು. ಆದರೆ ಆಗ ಇಡೀ ಪ್ರವಾಸದಲ್ಲಿ ಪಾಷಾನ ಹೆಸರು ಖಾಲಿ ಮಂಚದ ಮೇಲೆ ಮಲಗಿರುತ್ತದೆ. ಅವಳು ಒಬ್ಬಳಾಗಿ ಹೋದಂತೆ ಆಗುವುದಿಲ್ಲ. ಇಬ್ಬರಲ್ಲಿ ಒಬ್ಬ ತಪ್ಪಿದಂತೆ ಆಗುತ್ತದೆ.

"ಫೋನ್ ಹಚ್ಚಿ ಕೊಡ್ರಿ ಚಾಚಾ," ಎಂದಳು.

ಅಲ್ಲಿ ಬೆಳಗು, ಇಲ್ಲಿ ಸಂಜೆ. ದನಿ ಸಮುದ್ರಗಳನ್ನು ದಾಟಿ ತಡವಾಗಿ ಬರುತ್ತಿತ್ತು. ಹೊರಗಿನವರಿಗೆ ಇಂಗ್ಲಿಷ್ ತಿಳಿಯದಿದ್ದರೂ ಎಲ್ಲರೂ ಗಾಜಿಗೆ ಮುಖ ಹಚ್ಚಿ ನಿಂತರು.

"ಎರಡನೆಯ ಹೆಸರು ತಪ್ಪಿ ಬಂದಿದೆ," ಎಂದಳು ಹಸೀನಾಬೀ. "ನಾನು ಒಬ್ಬಳೇ ಬರುತ್ತೇನೆ. ಒಬ್ಬಳೇ ನೀರಿಗೆ ಇಳಿಯಬೇಕು."

ಫೋನಿನ ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು.

"ಒಬ್ಬಳೇ ಎಷ್ಟು ಸಲ ಇಳಿದಿದ್ದೀಯ?" ಎಂದಳು ಮಾರ್ತಾ.

ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಸಮುದ್ರದಲ್ಲಿ ಒಮ್ಮೆಯೂ ಇಲ್ಲ. ನಮ್ಮ ಮನೆಯ ಬಾವಿಯಲ್ಲಿ ಒಂದು ಸಲ. ಸಿಲಿಂಡರ್ ಇಲ್ಲದೆ. ಸೊಂಟಕ್ಕೆ ಹಗ್ಗ ಕಟ್ಟಿದ್ದರು. ನೀರಿನೊಳಗೆ ಬಿಚ್ಚಿದೆ."

"ಯಾಕೆ ಬಿಚ್ಚಿದೆ?"

"ಬಿಚ್ಚಿದರೆ ಏನಾಗುತ್ತದೆಂದು ನೋಡಲು."

"ಏನಾಯಿತು?"

"ಭಯವಾಯಿತು. ಆದರೂ ದಾರಿ ತಪ್ಪಲಿಲ್ಲ."

ಮಾರ್ತಾ ಹೇಳಿದಳು: ಮೊದಲ ದಿನ ನನ್ನ ಮನೆಯ ಮುಂದಿನ ನೀರಿನಲ್ಲಿ ನಿನ್ನ ಕೆಲಸ ನೋಡುತ್ತೇನೆ. ಒಪ್ಪಿಗೆಯಾದರೆ ಮರುದಿನದಿಂದ ನಿನ್ನ ಕಲ್ಲು ನೀನೇ ಆರಿಸಿಕೋ. ಯಾವ ಕಲ್ಲಿನಿಂದ ಇಳಿಯುತ್ತೀ, ಯಾವಾಗ ಮರಳುತ್ತೀ ಎಂದು ಹೇಳಿ ಹೋಗು. ಒಪ್ಪಿಗೆಯಾಗದಿದ್ದರೆ ಜೊತೆಗಾರರಿಲ್ಲದೆ ಬಿಡುವುದಿಲ್ಲ, ಎಷ್ಟೇ ದೂರದಿಂದ ಬಂದಿದ್ದರೂ.

ಹಸೀನಾಬೀ ಒಂದು ಕ್ಷಣ ಯೋಚಿಸಿದಳು. ಇದೂ ಒಂದು ಹಗ್ಗವೇ. ಆದರೆ ಹಿಡಿದವಳಿಗೆ ನೀರು ಗೊತ್ತಿದೆ, ಬಿಡುವ ಹೊತ್ತೂ ಗೊತ್ತಿದೆ.

"ಸರಿ. ಒಬ್ಬರ ಕೋಣೆ ಬರೆದುಕೊಳ್ಳಿ."

ಮಸ್ಕಿಯಲ್ಲಿ ಇಳಿಯಬೇಕಾದವಳು ಇಳಿಯಲಿಲ್ಲ. ಬಸ್ಸು ಹೋಗುವುದೇ ಲಿಂಗಸುಗೂರಿಗೆ, ಅಲ್ಲಿಯವರೆಗೆ ಟಿಕೆಟ್ ತೆಗೆದಳು. ತಮ್ಮನಿಗೆ ತಾನೇ ಹೇಳಬೇಕಿತ್ತು.

ಅಂಗಡಿಯಲ್ಲಿ ವಾರ್ನಿಶಿನ ವಾಸನೆ. ಬಲ್ಬಿನ ಕೆಳಗೆ ಚಾಂದ್‌ಪಾಷಾ ಸುಟ್ಟ ಮೋಟಾರಿನ ಹೊಟ್ಟೆಯಿಂದ ತಾಮ್ರದ ತಂತಿ ಕೀಳುತ್ತಿದ್ದ. ಅವಳು ಬಾಯಿ ತೆರೆಯುವ ಮೊದಲೇ ಅಂದ, "ಹುಸೇನ್ ಚಾಚಾ ಫೋನ್ ಮಾಡಿದ್ದ. ನನ್ನ ಹೆಸರು ಪರದೇಶಕ್ಕ ಹೋಗ್ಯದಂತಲ್ಲ?"

"ತಗಿಸೀನಿ."

"ಯಾಕ ತಗಿಸಿದಿ?" ಅವನು ಕೈ ಒರೆಸಿಕೊಂಡು ದುಡ್ಡಿನ ಗಲ್ಲೆಯ ಕೆಳಗಿನಿಂದ ಪಾಸ್‌ಪೋರ್ಟ್ ತೆಗೆದ. ಹಿಂದೊಮ್ಮೆ ಸೌದಿಗೆ ಹೋಗುವ ಹುಕಿಯಲ್ಲಿ ಮಾಡಿಸಿದ್ದು. ಒಂದೂ ಮುದ್ರೆ ಬಿದ್ದಿರಲಿಲ್ಲ. ಹಾಳೆಗಳು ಅಂಟಿಕೊಂಡಿದ್ದವು. "ಜನ ಏನರ ಅಂತಾರಂತ ಅಲ್ಲ, ಆಪಾ. ಅನ್ನೋರು ಅಂದ ಅಂತಾರ. ಆವತ್ತು ಹಗ್ಗ ಕೈಯಾಗಿತ್ತು. ಬಿಗಿ ಇತ್ತು. ನೀ ಅದಿ ಅಂತ ತಿಳಕೊಂಡಿದ್ದೆ. ಇರಲಿಲ್ಲ. ಆ ಹೊತ್ತಿನ್ಯಾಗ ಏನಾತಂತ ನಂಗ ಹೇಳಾಕ ಬರಂಗಿಲ್ಲ."

ಅವಳು ಸ್ಟೂಲಿನ ಮೇಲೆ ಕೂತಳು. ಹೊರಗೆ ಮುದಗಲ್ಲಿನ ಬಸ್ಸು ಹಾರ್ನ್ ಹೊಡೆದು ಹೋಯಿತು.

"ಬಾವಿಗೆ ಇಳಿದಿದ್ದೆ," ಎಂದ ಅವನು, ಬೇರೆ ಕಡೆ ನೋಡುತ್ತ. "ಮೊನ್ನಿ, ನೀ ಪ್ಯಾಟಿಗೆ ಹೋಗಿದ್ದಿ. ಅಬ್ಬಾ ಹಗ್ಗ ಹಿಡಿದಿದ್ದ. ಎದಿ ಮಟ ಹೋಗೀನಿ."

"ಖರೇನೂ?"

"ಪಕೀರಮ್ಮನ್ನ ಕೇಳು. ಈ ಸಲ ಕೋಣ ಬಿದ್ದದಂತ ಅಂದ್ಲು."

ಇಬ್ಬರೂ ನಕ್ಕರು. ಅವಳ ಕಣ್ಣು ತೇವವಾಯಿತು, ಅದನ್ನು ಅವಳು ಅಡಗಿಸಲಿಲ್ಲ. ಅಷ್ಟು ಸಾಕಾಯಿತು ಅವನಿಗೆ. ಪಾಸ್‌ಪೋರ್ಟನ್ನು ಗಲ್ಲೆಯ ಮೇಲೆ ಅವಳ ಕಡೆ ಸರಿಸಿದ.

"ನನ್ನ ಖರ್ಚು ನಂದು. ನೀರಾಗ ಬರಂಗಿಲ್ಲ. ಹಗ್ಗ ತರಂಗಿಲ್ಲ. ನಿನ್ನ ಹಳದಿ ಕಲ್ಲಿನ ಬಾಜೂ ಸುಮ್ಮ ಕುಂತಿರತೀನಿ, ಮಾತಾಡಂಗಿಲ್ಲ, ಎಣಿಸಂಗಿಲ್ಲ. ಮ್ಯಾಲೆ ಬಂದಾಗ ಒಂದು ಟವೆಲ್ ಕೊಡತೀನಿ. ಅಷ್ಟ. ಬರಲೇನು ಆಪಾ?"

ಹಸೀನಾಬೀ ಪಾಸ್‌ಪೋರ್ಟ್ ಎತ್ತಿಕೊಂಡಳು. ಮೇಲಿನ ತಾಮ್ರದ ಧೂಳನ್ನು ಸೆರಗಿನಿಂದ ಒರೆಸಿದಳು. ತಮ್ಮನ ಕೈಗೇ ವಾಪಸ್ ಇಟ್ಟಳು.

"ಬ್ಯಾಡ."