ಮಹಡಿಯ ಹಿಂದಿನ ಕೋಣೆ

ಬಹರೇನಿನಲ್ಲಿ ಅಗಸ್ಟಿನ್ ಲೋಬೊ ಯಾರಿಗೂ ಹೆದರುವ ಆಸಾಮಿಯಲ್ಲ. ಹಿದ್ದ್ ಎಂಬ ಊರಿನ ಹತ್ತಿರ ಹಡಗು ರಿಪೇರಿಯ ಕಟ್ಟೆಯಲ್ಲಿ ಕ್ಯಾಂಟೀನು ನಡೆಸುತ್ತಿದ್ದರು. ವೆಲ್ಡಿಂಗಿನ ಗಟ್ಟಿ ಆಳುಗಳು ಸಾರು ತಣ್ಣಗಿದೆ ಎಂದು ಜಗಳಕ್ಕೆ ಬಂದರೆ ಸೌಟು ಹಿಡಿದೇ ಎದುರು ನಿಲ್ಲುತ್ತಿದ್ದರು. ತಪಾಸಣೆಯವರು ಬಂದರೆ ಅಡುಗೆಮನೆಯ ಬಾಗಿಲನ್ನು ತಾವೇ ತೆರೆದು ‘ತಫದ್ದಲ್’ ಎಂದು ಒಳಗೆ ಕರೆಯುತ್ತಿದ್ದರು. ಅಂಥ ಮನುಷ್ಯ 1984ರ ಬೇಸಿಗೆಯಲ್ಲಿ, ಒಬ್ಬಳೇ ಮಗಳ ಮದುವೆ ಗೊತ್ತಾಯಿತೆಂದು ಕೇಳಿದ ದಿನ, ಸಂತೋಷಪಡುವುದನ್ನು ಬಿಟ್ಟು ಬೆವತು ಕುಳಿತರು.

ಮದುವೆ ಡಬ್ಲಿನ್ನಿನಲ್ಲಿತ್ತು. ಭಯ ಅದಕ್ಕೆ.

ಡಬ್ಲಿನ್ ಅವರಿಗೇನು ಹೊಸ ಊರಲ್ಲ. ಹದಿಮೂರು ವರ್ಷ ಅಲ್ಲಿಯ ಹೋಟೆಲೊಂದರಲ್ಲಿ ಅಡುಗೆ ಮಾಡಿದ್ದರು. ಹೆಂಡತಿ ಫಿಲೊಮಿನಾ ಅಲ್ಲೇ ನರ್ಸು. ಇಬ್ಬರೂ ಸೇರಿ ಒಂದು ಚಿಕ್ಕ ಮನೆ ಕೊಂಡಿದ್ದರು. ಕಾಯಿಲೆಯಲ್ಲಿ ಫಿಲೊಮಿನಾ ತೀರಿಕೊಂಡದ್ದು ಆ ಮನೆಯ ಮಹಡಿಯ ಹಿಂದಿನ ಕೋಣೆಯಲ್ಲಿ. ಆಮೇಲೆ ಆ ಮನೆಯಲ್ಲಿ ಅನ್ನ ಗಂಟಲಿಗಿಳಿಯದೆ, ಸ್ನೇಹಿತರೊಬ್ಬರು ಕರೆದರೆಂದು ಅಗಸ್ಟಿನ್ ಬಹರೇನಿಗೆ ಬಂದರು. ಮಗಳು ಜೆಸಿಂತಾ ನರ್ಸಾಗಿ ಅಲ್ಲೇ ಉಳಿದಳು. ಕೋಣೆಯನ್ನು ಮಾತ್ರ ಇದ್ದ ಹಾಗೇ ಇಡಬೇಕೆಂದು ಹೇಳಿ ಬಂದಿದ್ದರು. ಬಾಗಿಲ ಹಿಂದೆ ಫಿಲೊಮಿನಾಳ ನೀಲಿ ಕೋಟು, ಮೇಜಿನ ಮೇಲೆ ಅವಳ ಜಪಮಾಲೆ, ಗೋಡೆಗೆ ತಾಗಿಸಿ ಅವರ ಮಂಚ. ವರ್ಷಕ್ಕೊಂದು ಸಲ ಬಂದು ನಾಲ್ಕು ದಿನ ಆ ಮಂಚದಲ್ಲಿ ಮಲಗಿ ಹೋಗುವುದೆಂದು ಲೆಕ್ಕ.

ಒಂದು ಸಲವೂ ಹೋಗಲಿಲ್ಲ. ಹೋಗದಂತೆ ಮಾಡಿದವನು ರೊಕಿ.

ರೊಕಿ ಸಲ್ಮಾನಿಯಾ ಆಸ್ಪತ್ರೆಯ ಆಫೀಸಿನಲ್ಲಿ ಟೈಪಿಸ್ಟು, ಕಟಪಾಡಿ ಕಡೆಯವನು. ಮನಸ್ಸು ಒಳ್ಳೆಯದು. ಆದರೆ ಯಾವ ಮಾತನ್ನೂ ಪೂರ್ತಿ ಕೇಳಿಸಿಕೊಂಡು ಅಭ್ಯಾಸವಿಲ್ಲ, ಅರ್ಧ ಕೇಳಿದ್ದನ್ನು ಪೂರ್ತಿ ಹೇಳುವುದರಲ್ಲಿ ಎತ್ತಿದ ಕೈ. ಅಗಸ್ಟಿನ್ ಬಂದ ಮೊದಲ ವರ್ಷವೇ, ಶುಕ್ರವಾರದ ಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ನಿಂತಿದ್ದಾಗ ಅವನು ಹತ್ತಿರ ಬಂದು ದನಿ ತಗ್ಗಿಸಿದ್ದ.

"ಅಗಸ್ಟಿನ್ ಬಾಬ್, ನಿಮ್ಗೆ ಡಬ್ಲಿನ್ನಲ್ಲಿ ಮನೆ ಉಂಟಲ್ವಾ? ಜಾಗ್ರತೆ ಮಾರಾಯ್ರೆ. ನಮ್ಮಲ್ಲಿ ಒಬ್ರು ಐರಿಶ್ ಡಾಕ್ಟ್ರು ಇನ್ನೊಬ್ರಿಗೆ ಹೇಳ್ತಾ ಇದ್ರು. ಅಲ್ಲಿ ನಿಮ್ಗೆ ಉಳೀಲಿಕ್ಕೆ ಮನೆ ತಯಾರಿದ್ರೆ, ಒಂದೇ ದಿನ ಕಾಲಿಟ್ರೂ ಆ ವರ್ಷ ಇಡೀ ನೀವು ಅಲ್ಲಿಯ ನಿವಾಸಿ ಅಂತೆ. ಮತ್ತೆ ಇಲ್ಲಿ ಸಂಪಾದಿಸಿದ್ದಕ್ಕೂ ಅವ್ರು ತೆರಿಗೆ ಕೇಳ್ತಾರೆ."

"ಇಲ್ಲಿಯದ್ದಕ್ಕೆ ಅವರಿಗೆಂತಕ್ಕೆ?"

"ಅದು ಕಾನೂನು. ನಾನು ಕೇಳಿದ್ದು ಹೇಳಿದೆ ಅಷ್ಟೆ."

ಅಗಸ್ಟಿನ್ನರ ತಲೆಗೆ ಹುಳ ಹೊಕ್ಕಿದ್ದು ಆ ದಿನ. ಹೋಟೆಲಿನಲ್ಲಿದ್ದಾಗ ತೆರಿಗೆಯೆಂದರೆ ಸಂಬಳದಿಂದ ಮೊದಲೇ ಕತ್ತರಿಸಿ ಹೋಗುವ ಒಂದು ಸಂಖ್ಯೆ, ಅದನ್ನು ಯಾರು ಹೇಗೆ ಲೆಕ್ಕ ಹಾಕುತ್ತಾರೆಂದು ಅವರು ಒಂದು ದಿನವೂ ಕೇಳಿದವರಲ್ಲ. ಈಗ ತಾವೇ ಯಜಮಾನ. ಬಹರೇನಿನಲ್ಲಿ ಆದಾಯ ತೆರಿಗೆ ಎಂಬುದೇ ಇಲ್ಲ. ಇಷ್ಟು ವರ್ಷ ಒಂದು ಕಾಸೂ ಕೊಡದೆ ಸಂಪಾದಿಸಿದ್ದನ್ನೆಲ್ಲ ಅಲ್ಲಿ ಯಾರೋ ಒಬ್ಬ ಅಧಿಕಾರಿ ಕನ್ನಡಕ ಏರಿಸಿ ನೋಡುತ್ತಿದ್ದಾನೆ ಎಂದು ಅನಿಸತೊಡಗಿತು. ಕ್ಯಾಂಟೀನಿಗೆ ಊಟಕ್ಕೆ ಬರುವ ಬಿಳಿಯರನ್ನು ಕಂಡರೂ ಹೆದರಿಕೆಯಾಗುತ್ತಿತ್ತು. ಅವರಲ್ಲಿ ಐರಿಶ್ ಯಾರು, ಇಂಗ್ಲಿಷ್ ಯಾರು ಎಂದು ಮಾತಿನ ಧಾಟಿಯಲ್ಲೇ ಗುರುತಿಸಿ, ಐರಿಶ್ ಆದರೆ ತಾವು ಒಳಗೆ ಸರಿದು ಬಡಿಸಲು ಬೇರೆಯವರನ್ನು ಕಳಿಸುತ್ತಿದ್ದರು.

ತಿಳಿದವರನ್ನು ಕೇಳಬಹುದಿತ್ತಲ್ಲ ಎಂದು ನಿಮಗೆ ಅನಿಸಬಹುದು. ಹೆದರಿದ ಮನುಷ್ಯ ಕೇಳುವುದಿಲ್ಲ. ಕೇಳಿದರೆ ತನ್ನ ಹೆಸರು ಅವರ ಕಣ್ಣಿಗೆ ಬಿದ್ದೀತು ಎಂಬುದು ಅವನ ಇನ್ನೊಂದು ಭಯ. ಹೀಗೆ ಭಯಕ್ಕೆ ಭಯವನ್ನೇ ಕಾವಲಿಟ್ಟು ಅಗಸ್ಟಿನ್ ನಾಲ್ಕು ವರ್ಷ ಕಳೆದರು. ಹೆಂಡತಿ ತೀರಿಕೊಂಡ ವರ್ಷದ ಪೂಜೆಗೂ ಹೋಗಲಿಲ್ಲ. ಮಗಳಿಗೆ ಪ್ರತಿ ಸಲವೂ ಕ್ಯಾಂಟೀನಿನ ನೆಪ ಹೇಳಿದರು.

ಆದರೆ ಮದುವೆಗೆ ಎಂತ ನೆಪ ಹೇಳುವುದು? ಮದುವೆಯ ಮುಂಚಿನ ಸಂಜೆ ಮನೆಯಲ್ಲಿ ರೋಸ್ ಶಾಸ್ತ್ರ ಆಗಬೇಕು. ಮದುಮಗಳ ತಲೆಗೆ ತೆಂಗಿನಹಾಲು ಹಚ್ಚಿ ಮೊದಲು ಹರಸಬೇಕಾದವರು ಹೆತ್ತವರು. ತಾಯಿಯಿಲ್ಲದ ಹುಡುಗಿಗೆ ತಂದೆಯ ಕೈಯೂ ಇಲ್ಲವೆಂದರೆ ಹೇಗೆ? ಜೆಸಿಂತಾ ಫೋನಿನಲ್ಲಿ ಕೇಳಿದ್ದು ಅದೊಂದೇ. "ಪಪ್ಪ, ನೀವು ಬರ್ತೀರಲ್ಲ? ನೀವು ಬಾರದಿದ್ರೆ ನಾನು ರೋಸ್ ಮಾಡಿಸಿಕೊಳ್ಳೋದಿಲ್ಲ."

ಅಗಸ್ಟಿನ್ ರೊಕಿಯ ಹತ್ತಿರ ಓಡಿದರು. ರೊಕಿ ತಲೆ ಕೆರೆದುಕೊಂಡು ಒಂದು ಉಪಾಯ ಹೇಳಿದ.

"ಮನೆ ತಯಾರಿದ್ರೆ ಅಲ್ವಾ ತೊಂದ್ರೆ? ಆ ಮನೇಲಿ ನಿಮ್ಗೆ ಉಳೀಲಿಕ್ಕೆ ಜಾಗ ಇಲ್ಲ ಅಂತ ಮಗಳ ಹತ್ರ ಬರೆಸಿ ಇಟ್ಕೊಳ್ಳಿ. ಯಾರಾದ್ರೂ ಕೇಳಿದ್ರೆ ವಿಸಿಟರ್ ಅಂತ ಹೇಳಿ. ಬೇರೆ ಒಂದು ಮಾತೂ ಬೇಡ."

ಮುಳುಗುವವನ ಕೈಗೆ ಹಗ್ಗ ಸಿಕ್ಕಿದಂತಾಯಿತು. ಅಗಸ್ಟಿನ್ ಅದೇ ದಿನ ಬರೆದರು: ‘ಮಗಾ, ಈ ಮನೆಯಲ್ಲಿ ನನ್ನ ತಂದೆಗೆ ಉಳಿಯಲು ಜಾಗವಿಲ್ಲ ಎಂದು ಒಂದು ಕಾಗದದಲ್ಲಿ ಬರೆದು ಸಹಿ ಹಾಕಿ ಕಳಿಸು. ಬೇರೆ ಏನೂ ಅಲ್ಲ, ತೆರಿಗೆಯವರಿಗೆ ತೋರಿಸಲಿಕ್ಕೆ.’

ಉತ್ತರ ಬರುವಷ್ಟರಲ್ಲಿ ಅವರ ಮುಖ ಇಳಿದುಹೋಗಿತ್ತು. ಲಕೋಟೆಯಲ್ಲಿ ಕೇಳಿದ ಕಾಗದವಿತ್ತು, ಸಹಿಯೂ ಇತ್ತು. ಜೊತೆಗೆ ಇನ್ನೊಂದು ಚೀಟಿ.

‘ಪಪ್ಪ, ಸುಳ್ಳಿಗೆ ಸಹಿ ಹಾಕಲು ಮಮ್ಮಿ ನನಗೆ ಕಲಿಸಲಿಲ್ಲ. ಅದಕ್ಕೆ ನಿಜವೇ ಮಾಡಿದ್ದೇನೆ. ಹಿಂದಿನ ಕೋಣೆಯನ್ನು ನರ್ಸಿಂಗ್ ಕಲಿಯುವ ಒಂದು ಹುಡುಗಿಗೆ ಬಾಡಿಗೆಗೆ ಕೊಟ್ಟೆ. ನಿಮಗೆ ಪಕ್ಕದ ಬೀದಿಯ ಗೆಸ್ಟ್‌ಹೌಸಿನಲ್ಲಿ ಕೋಣೆ ಹೇಳಿದ್ದೇನೆ.’

ಆ ಕೋಣೆಯಲ್ಲಿ ಇನ್ನು ಬೇರೆಯವರು ಎಂದು ಅಗಸ್ಟಿನ್ನರಿಗೆ ಸಂಕಟವಾಯಿತು. ಅದರ ಮರುಗಳಿಗೆಯೇ, ಸದ್ಯ ಕಾಗದ ಬಂತಲ್ಲ ಎಂಬ ಸಮಾಧಾನವೂ ಆಯಿತು. ಆ ಸಮಾಧಾನಕ್ಕೆ ಅವರಿಗೇ ನಾಚಿಕೆಯಾಯಿತು. ನಾಚಿಕೆಯನ್ನು ನುಂಗಿಕೊಂಡು ಮನಾಮದ ಮಾರುಕಟ್ಟೆಗೆ ಹೋಗಿ, ರೋಸಿಗೆಂದು ತೆಂಗಿನಕಾಯಿಗಳನ್ನು ಅಲ್ಲಾಡಿಸಿ ನೋಡಿ ಆರಿಸಿದರು.

ವಿಮಾನದಲ್ಲಿ ಅವರು ಏನೂ ತಿನ್ನಲಿಲ್ಲ. ಕಾಗದವಿದ್ದ ಜೇಬನ್ನು ಮುಟ್ಟಿ ನೋಡುವುದು, ‘ವಿಸಿಟರ್, ವಿಸಿಟರ್’ ಎಂದು ಒಳಗೇ ಹೇಳಿಕೊಳ್ಳುವುದು, ಇಷ್ಟೇ ಕೆಲಸ. ಡಬ್ಲಿನ್ನಿನಲ್ಲಿ ಇಳಿದು ಸಾಲಿನಲ್ಲಿ ನಿಂತರು. ಗಾಜಿನ ಹಿಂದಿದ್ದ ಅಧಿಕಾರಿ ಪಾಸ್‌ಪೋರ್ಟಿನ ಹಳೆಯ ಮುದ್ರೆಗಳನ್ನು ನಿಧಾನವಾಗಿ ತಿರುವಿ ನೋಡಿದ. ಈ ಮನುಷ್ಯ ಇಲ್ಲಿ ಬಾಳಿ ಹೋದವನೆಂದು ಅವನಿಗೆ ತಿಳಿಯಿತು. ಮುದ್ರೆ ಒತ್ತಿ, ನಕ್ಕು, "ವೆಲ್ಕಮ್ ಹೋಮ್" ಎಂದ.

ಅಗಸ್ಟಿನ್ ಜೇಬಿನ ಕಾಗದಕ್ಕೆ ಕೈಹಾಕಿದರು. ಇಲ್ಲ, ನಾನು ವಿಸಿಟರ್ ಎಂದು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವನು ಹಿಂದಿನವರನ್ನು ಕರೆದಾಗಿತ್ತು.

ಹೊರಗೆ ಜೆಸಿಂತಾ ಕಾದಿದ್ದಳು. ತಬ್ಬಿಕೊಂಡಳು, ಅತ್ತಳು. ಕಾರಿನಲ್ಲಿ ಅವರನ್ನು ನೇರವಾಗಿ ಗೆಸ್ಟ್‌ಹೌಸಿಗೆ ಕರೆದುಕೊಂಡು ಹೋಗಿ ಪೆಟ್ಟಿಗೆ ಇಳಿಸಿದಳು. ಒಂದು ಮಾತೂ ಚುಚ್ಚಿ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎಂದು ಅಗಸ್ಟಿನ್ನರಿಗೆ ಅನಿಸಿತು.

ಮರುದಿನ ಸಂಜೆ ರೋಸ್. ಮುಂದಿನ ಕೋಣೆಯಲ್ಲಿ ಹತ್ತಿಪ್ಪತ್ತು ಜನ, ಅರ್ಧದಷ್ಟು ಹುಡುಗನ ಕಡೆಯ ಐರಿಶರು. ಅಗಸ್ಟಿನ್ ತೆಂಗಿನಹಾಲಿನಲ್ಲಿ ಬೆರಳದ್ದಿ ಮಗಳ ಹಣೆಗೆ ಶಿಲುಬೆಯ ಗುರುತು ಹಾಕಿ, ನೆತ್ತಿಗೆ ಹಾಲು ಹಚ್ಚಿದರು. ಬಾಗಿಲ ಗಂಟೆ ಬಾರಿಸಿದಾಗಲೆಲ್ಲ ಅವರ ಕೈ ತಡೆಯುತ್ತಿತ್ತು. ಜೆಸಿಂತಾ ಅದನ್ನು ನೋಡಿದಳು.

ಎಲ್ಲರೂ ಊಟಕ್ಕೆ ಕೂತಾಗ ಹುಡುಗನ ಸೋದರಮಾವ ಪಕ್ಕಕ್ಕೆ ಬಂದರು. ಅವರು ಅಂಗಡಿಯವರ ಲೆಕ್ಕಪತ್ರ ನೋಡುವವರು ಎಂದು ತಿಳಿದಾಗ ಅಗಸ್ಟಿನ್ ತಟ್ಟೆ ಕೆಳಗಿಟ್ಟರು. ಕೊನೆಗೆ ತಾಳಲಾರದೆ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. "ನನ್ನ ಹೆಸರಿನ ಮನೆಯಲ್ಲಿ ಒಂದು ಸಂಜೆ ಕೂತರೂ ತೆರಿಗೆ ಬೀಳ್ತದಾ?"

ರೊಕಿ ಹೇಳಿದ್ದನ್ನೆಲ್ಲ ಮಾವ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದು ಪ್ರಶ್ನೆ ಕೇಳಿದರು. "ನಿಮ್ಮ ವ್ಯಾಪಾರವೆಲ್ಲ ಬಹರೇನಿನಲ್ಲೇ ತಾನೆ? ದಿನವಿಡೀ ಅದೇ ಕೆಲಸ? ಇಲ್ಲಿ ಏನೂ ಇಲ್ಲ?"

"ಇಲ್ಲಿ ಎಂತದೂ ಇಲ್ಲ."

"ಹಾಗಾದರೆ ನಿಮ್ಮ ಸ್ನೇಹಿತ ಅರ್ಧ ಹೇಳಿದ್ದಾನೆ. ಪೂರ್ತಿ ಹೊರದೇಶದಲ್ಲೇ ದುಡಿಯುವವನಿಗೆ ಆ ನಿಯಮದಲ್ಲಿ ಮನೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀವು ಪ್ರತಿ ವರ್ಷ ಬಂದು ನಿಮ್ಮ ಮಂಚದಲ್ಲೇ ಮಲಗಿ ಹೋಗಬಹುದಿತ್ತು."

ಅಗಸ್ಟಿನ್ ತಲೆಯಾಡಿಸಿದರು. ಭಯ ಹೋಗಬೇಕಿತ್ತು. ಹೋಗಲಿಲ್ಲ. ಬೇರೊಂದು ಭಯ ಅದರ ಜಾಗಕ್ಕೆ ಬಂದು ಕೂತಿತು. ಯಾರಿಗೂ ಹೇಳದೆ ಎದ್ದು ಮೆಟ್ಟಿಲು ಹತ್ತಿದರು. ಅಲ್ಲಿ ಏನು ಉಳಿದಿದೆಯೆಂದು ಒಂದು ಸಲ ನೋಡಬೇಕಿತ್ತು ಅವರಿಗೆ.

ಹಿಂದಿನ ಕೋಣೆಯ ಬಾಗಿಲನ್ನು ತಟ್ಟಿದರು. ಒಂದು ಹುಡುಗಿ ಪುಸ್ತಕ ಹಿಡಿದುಕೊಂಡೇ ಬಂದು ತೆರೆದಳು. ಅವಳ ಭುಜದಾಚೆ ಕಿಟಕಿ ಕಂಡಿತು, ಮಂಚದ ಮೇಲೆ ಹಳದಿ ಹೊದಿಕೆ ಕಂಡಿತು. ನೀಲಿ ಕೋಟು ಇದ್ದ ಮೊಳೆಯಲ್ಲಿ ಅವಳ ಚೀಲ ತೂಗುತ್ತಿತ್ತು. ಅಗಸ್ಟಿನ್ನರ ಕಣ್ಣು ಕೋಣೆಯ ಮೂಲೆ ಮೂಲೆಯಲ್ಲಿ ಹುಡುಕಿತು.

ಹುಡುಗಿ ಸ್ವಲ್ಪ ಗಾಬರಿಯಾದಳು. "ಕ್ಷಮಿಸಿ, ನೀವು ಯಾರು?"

ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತು ಈಗ ತಾನಾಗಿ ಬಂತು.

"ವಿಸಿಟರ್," ಎಂದರು ಅಗಸ್ಟಿನ್.

"ಓ," ಎಂದು ಹುಡುಗಿ ನಕ್ಕಳು. "ಮದುವೆಗೆ ಬಂದವರೆಲ್ಲ ಕೆಳಗಿದ್ದಾರೆ." ಅವರು ಇಳಿಯಲೆಂದು ಮೆಟ್ಟಿಲಿನ ದೀಪ ಹಾಕಿ, ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡಳು.