ಹಟಮಾರಿ ಹುಂಜಕ್ಕೆ ಹೇಟೆಯ ಕೂಗು

ಹಾಯ್ಟ್‌ಗೆ ಕಾಡು ಟರ್ಕಿ ಕೋಳಿಯನ್ನು ಕೂಗಿ ಕರೆಯಲು ಬರುತ್ತಿರಲಿಲ್ಲ. ಈ ಸಂಗತಿ ಓಝಾರ್ಕ್ ಬೆಟ್ಟಗಳಲ್ಲೆಲ್ಲ ಇಬ್ಬರಿಗೆ ಮಾತ್ರ ಗೊತ್ತಿತ್ತು: ಅವನಿಗೆ ಮತ್ತು ಅವನ ಹೆಂಡತಿ ಓಲೀತಾಳಿಗೆ. ಅಂಗಡಿಯ ಜಗಲಿಯಲ್ಲಿ ಎದೆಯುಬ್ಬಿಸಿ ಕೊಚ್ಚಿಕೊಳ್ಳುತ್ತಿದ್ದವನು ಅವನು. ಕಾಡಿನಲ್ಲಿ ಬರಿಗಂಟಲಲ್ಲಿ ಹೇಟೆಯ ಹಾಗೆ ಕೂಗಿ ಹುಂಜವನ್ನು ಕೋವಿಯ ಮುಂದಕ್ಕೆ ತರುತ್ತಿದ್ದವಳು ಅವಳು. ಮದುವೆಯ ಹೊಸದರಲ್ಲಿ ಚರ್ಚಿನ ಊಟಕ್ಕೆ ಹೋದಾಗ ಅವಳು ಬಾಯ್ತಪ್ಪಿ ನಿಜ ಹೇಳಿದ್ದಳು; ತಮಾಷೆಯೆಂದುಕೊಂಡು ಎಲ್ಲರೂ ನಕ್ಕುಬಿಟ್ಟಿದ್ದರು. ಮನೆಗೆ ಬಂದ ಮೇಲೆ ಹಾಯ್ಟ್ ಅವಳ ಕೈಯನ್ನು ಬಾಗಿಲ ಸಂದಿಯಲ್ಲಿ ಇಡಿಸಿ ಬಾಗಿಲು ಎಳೆದುಕೊಂಡಿದ್ದ. ಆಮೇಲೆ ಅವಳು ಎಂದೂ ಆ ಮಾತೆತ್ತಲಿಲ್ಲ.

ಈ ವಸಂತದಲ್ಲಿ ಅವಳು ಬಿಟ್ಟುಹೋಗುವುದೆಂದು ತೀರ್ಮಾನಿಸಿದಳು. ಹಳ್ಳದ ರಸ್ತೆಗೆ ತಂಗಿ ವರ್ನೆಲ್ ಪಿಕಪ್ ತರುವುದೆಂದು ಗುಟ್ಟಾಗಿ ಮಾತಾಗಿತ್ತು. ಆದರೆ ಹಾಯ್ಟ್ ಅವಳನ್ನು ನೆರಳಿನ ಹಾಗೆ ಕಾಯುತ್ತಿದ್ದ. ಅವನು ಇದ್ದಲ್ಲೇ ಇರುವುದು ಒಂದೇ ಹೊತ್ತಿನಲ್ಲಿ, ಎದುರಿಗೆ ಹುಂಜ ಕೂಗುತ್ತಿರುವಾಗ. ಆಗ ಕಣ್ಣುರೆಪ್ಪೆ ಬಡಿದರೂ ಅದಕ್ಕೆ ಕಾಣುತ್ತದೆ. ಹುಂಜ ಕೂಗುತ್ತಿರುವಷ್ಟು ಹೊತ್ತು ಹಾಯ್ಟ್ ಕೊರಡು.

ಹತ್ತಿರ ಬಾರದೆ ಕೂಗುತ್ತಲೇ ಇರುವಂಥ ಹುಂಜವೂ ಒಂದಿತ್ತು. ಎದೆಯ ಮೇಲೆ ಗಡ್ಡದಂಥ ಉದ್ದದ ಕರಿಜುಟ್ಟು ಬಿಟ್ಟುಕೊಂಡು ಗಂಭೀರವಾಗಿ ಓಡಾಡುತ್ತಿದ್ದ ಅದಕ್ಕೆ ಊರವರು ಪಾದ್ರಿ ಎಂದು ಹೆಸರಿಟ್ಟಿದ್ದರು. ಕಾಡಿನ ರೀತಿಯಲ್ಲಿ ಹುಂಜ ಕೂಗಬೇಕು, ಹೇಟೆ ಹೋಗಬೇಕು. ಬೇಟೆಗಾರ ಅದನ್ನು ತಿರುಗುಮುರುಗು ಮಾಡಲು ನೋಡುತ್ತಾನೆ. ಪಾದ್ರಿ ಒಪ್ಪುತ್ತಿರಲಿಲ್ಲ. ಗುಂಡು ಮುಟ್ಟದಷ್ಟು ದೂರ ನಿಂತು, ಬೇಕಾದರೆ ನೀನೇ ಬಾ ಎಂದು ಗೊಳಗೊಳ ಕೂಗುತ್ತಿತ್ತು.

ಹೊರಡಬೇಕಾದ ದಿನ ಬೆಳಿಗ್ಗೆ ಬನ್ನಿನಂಥ ಬಿಸಿ ಬಿಸ್ಕೆಟ್ಟು, ಗ್ರೇವಿ ಬಡಿಸುತ್ತಾ ಓಲೀತಾ ಹೇಳಿದಳು: "ಹೇಟೆ ಮುನಿಸ್ಕೊಂಡು ಹೊರಟ ಹಾಗೆ ಮಾಡಿದ್ರೆ ಪಾದ್ರಿ ಬಂದೀತು. ನೀನು ಓಕ್ ಮರದ ಬುಡದಲ್ಲಿ ಕೂತಿರು. ನಾನು ಕೂಗ್ತಾ ಕೂಗ್ತಾ ಹಳ್ಳದ ಕಡೆ ದೂರ ಹೋಗ್ತೀನಿ."

"ನಂಗೇ ಪಾಠ ಹೇಳ್ತೀಯಾ? ನಾನೇ ಹೇಳ್ಬೇಕು ಅಂತಿದ್ದೆ," ಎಂದ ಹಾಯ್ಟ್. "ಇವತ್ತು ಅದು ತಪ್ಪಿಸ್ಕೊಂಡ್ರೆ ಅದರ ಬದಲು ನಿನ್ನ ಪುಕ್ಕ ಕೀಳ್ತೀನಿ, ನೋಡ್ಕೋ."

ಅವನು ಕೂತ. ಅವಳು ಕೂಗಿದಳು. ಗುಡ್ಡದ ಮೇಲಿಂದ ಪಾದ್ರಿ ಓಗೊಟ್ಟಿತು. ಅವಳು ಹೂಬಿಟ್ಟ ಡಾಗ್‌ವುಡ್ ಮರಗಳ ನಡುವೆ ಇಳಿಯತೊಡಗಿದಳು. ಕಷ್ಟವಿದ್ದದ್ದು ಇಲ್ಲಿಯೇ. ತೀರ ಮುದ್ದಾಗಿ ಕೂಗಿದರೆ ಹುಂಜ ಓಡಿಬರುತ್ತದೆ, ಗುಂಡು ಹಾರುತ್ತದೆ, ಹಾಯ್ಟ್ ಏಳುತ್ತಾನೆ. ಬಿರುಸಾಗಿ ಕೂಗಿದರೆ ಹುಂಜ ಬೇಸತ್ತು ಹೊರಟುಹೋಗುತ್ತದೆ, ಆಗಲೂ ಹಾಯ್ಟ್ ಏಳುತ್ತಾನೆ. ಬರಲೂಬಾರದು, ಹೋಗಲೂಬಾರದು. ಅವಳು ಆಸೆ ತೋರಿಸಿ ಸುಮ್ಮನಾದಳು, ಗೊಣಗಿದಳು, ಮತ್ತೆ ಆಸೆ ತೋರಿಸಿದಳು. ಪಾದ್ರಿ ನಿಂತಲ್ಲೇ ನಿಂತು ಕೂಗುತ್ತಿತ್ತು. ಅಷ್ಟು ಚೆನ್ನಾಗಿ ಅವಳು ಎಂದೂ ಕೂಗಿರಲಿಲ್ಲ.

ಪೊದೆಯಲ್ಲಿ ಬಚ್ಚಿಟ್ಟಿದ್ದ ಚೀಲ ತೆಗೆದುಕೊಂಡು ಅವಳು ರಸ್ತೆಗೆ ಬಂದಾಗ ವರ್ನೆಲ್ ಎಂಜಿನ್ ಆರಿಸದೆ ಕಾಯುತ್ತಿದ್ದಳು. ಚೀಲವನ್ನು ಒಳಗೆ ಎಳೆದುಕೊಂಡಳು.

"ಹತ್ತಕ್ಕ, ಬೇಗ."

ಓಲೀತಾ ಒಂದು ಕಾಲು ಮೇಲಿಟ್ಟಳು. ಪಾದ್ರಿಯ ದನಿ ನಿಂತು ಸ್ವಲ್ಪ ಹೊತ್ತಾಗಿತ್ತು. ಇನ್ನೂ ಅಲ್ಲೇ ಮೇಲೆ ಹಟ ಹಿಡಿದು ನಿಂತಿರಬೇಕು ಎಂದುಕೊಂಡಳು. ಇವತ್ತಲ್ಲ ನಾಳೆ ಅದನ್ನು ಅವನು ಹೊಡೆಯುತ್ತಾನೆ. ಹೆಂಡತಿ ಹೋದರೆ ಹೋದಳು, ಈ ಹಕ್ಕಿಯನ್ನು ಹೇಗೆ ಕರೆದೆ ಕೇಳಿ ಎಂದು ಅಂಗಡಿಯಲ್ಲಿ ಮೆರೆಯುತ್ತಾನೆ. ಅವಳ ಹೊಟ್ಟೆ ಉರಿದುಹೋಯಿತು. ಕೈಗೆ ಸಿಕ್ಕಿದ್ದ ಬಿಡುಗಡೆಗಿಂತ ಆ ಉರಿಯೇ ದೊಡ್ಡದಾಯಿತು.

"ಒಂದೇ ನಿಮಿಷ ತಾಳೆ," ಎಂದವಳು ಕಾಲು ಕೆಳಗಿಟ್ಟು ಗುಡ್ಡದತ್ತ ತಿರುಗಿ, ಅಪಾಯ ಕಂಡ ಹೇಟೆ ಕೂಗುವಂತೆ ಜೋರಾಗಿ ಕೂಗಿದಳು. ಪಟ್! ಪಟ್! ಅದನ್ನು ಕೇಳಿದ ಹುಂಜ ಆ ಜಾಗಕ್ಕೆ ಮತ್ತೆ ಕಾಲಿಡುವುದಿಲ್ಲ.

"ಹುಚ್ಚು ಹಿಡೀತಾ ನಿಂಗೆ?" ಎಂದಳು ವರ್ನೆಲ್.

ಕೋವಿ ಢಂ ಎಂದಿತು.

ಓಲೀತಾಳಿಗೆ ಆ ಕ್ಷಣವೇ ಅರ್ಥವಾಯಿತು. ಪಾದ್ರಿ ಹಟ ಬಿಟ್ಟು ಸದ್ದಿಲ್ಲದೆ ಓಕ್ ಮರದ ಮುಂದಕ್ಕೆ ಬಂದುಬಿಟ್ಟಿತ್ತು. ಗರಿ ಕೆದರಿ, ಕತ್ತು ಎದೆಯೊಳಗೆ ಹುದುಗಿಸಿ ನಿಂತ ಹುಂಜಕ್ಕೆ ಯಾರೂ ಹೊಡೆಯುವುದಿಲ್ಲ. ಗುಂಡು ಬೀಳಬೇಕಾದ್ದು ಕತ್ತಿಗೆ, ಅದಕ್ಕೆ ಕತ್ತು ಮೇಲೆ ಬರಬೇಕು. ಅಪಾಯದ ಕೂಗಿಗೆ ಅದು ಓಡುವ ಮೊದಲು ಕತ್ತು ನಿಗುರಿಸಿ ನೋಡುತ್ತದೆ. ಆ ಕತ್ತನ್ನು ಅವಳೇ ಎತ್ತಿಸಿಕೊಟ್ಟಿದ್ದಳು.

ಮೇಲಿಂದ ಹಾಯ್ಟ್‌ನ ದನಿ ಬಂತು: "ಭಲೇ ಓಲೀತಾ! ನಿನ್ನಂಥವಳು ಇಲ್ಲ ಕಣೇ!"

ಮದುವೆಯಾದಾಗಿನಿಂದ ಅವನ ಬಾಯಲ್ಲಿ ಅವಳು ಕೇಳಿದ ಮೊದಲ ಹೊಗಳಿಕೆ ಅದು. ಆಗಲೂ ಹೊತ್ತು ಮೀರಿರಲಿಲ್ಲ. ಹತ್ತಿ ಕೂತಿದ್ದರೆ ಆಗುತ್ತಿತ್ತು. ವರ್ನೆಲ್ ತೋಳು ಹಿಡಿದು ಎಳೆದಳು, ಬೈದಳು, ಅತ್ತಳು. ಓಲೀತಾ ಆ ದನಿ ಬಂದ ಕಡೆಯೇ ನೋಡುತ್ತಾ ನಿಂತಿದ್ದಳು. ಆ ಹೆಣ್ಣಿನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಮರುಗಬೇಕೋ, ನನಗಂತೂ ತಿಳಿಯದು.

ಹಾಯ್ಟ್ ಹುಂಜವನ್ನು ಹೆಗಲಿಗೆ ಹಾಕಿಕೊಂಡು ನಗುತ್ತಾ ಇಳಿದುಬಂದ. ಪಿಕಪ್ ನೋಡಿದ. ಸೀಟಿನ ಮೇಲಿದ್ದ ಚೀಲ ನೋಡಿದ. ನಗು ಹಾಗೇ ಇತ್ತು.

"ಏನು ವರ್ನೆಲ್, ಅಕ್ಕನ್ನ ಕರ್ಕೊಂಡು ಹೋಗಕ್ಕೆ ಬಂದ್ಯಾ?"

"ಹೌದು ಭಾವ. ನೀವು ಅಡ್ಡ ಬರ್ಬೇಡಿ."

"ನಾನ್ಯಾಕೆ ಅಡ್ಡ ಬರ್ಲಿ? ಹೋಗ್ಲಿ." ಕೋವಿ ಮಡಚಿ ಖಾಲಿ ತೋಟಾ ಬೀಳಿಸಿ, ಹೊಸದೊಂದನ್ನು ನಿಧಾನವಾಗಿ ತುಂಬಿದ. ಹುಂಜವನ್ನು ಓಲೀತಾಳ ಕಾಲ ಬಳಿ ಹಾಕಿದ. "ಇದರ ಪುಕ್ಕ ಕಿತ್ತುಕೊಟ್ಟು ಹೋಗ್ಲಿ. ಬಿಸಿ ಆರಿದ್ರೆ ಬರಲ್ಲ."

ಓಲೀತಾ ರಸ್ತೆಯಂಚಿನಲ್ಲಿ ಕೂತು ಹುಂಜವನ್ನು ಮಡಿಲಿಗೆಳೆದುಕೊಂಡಳು.

"ಅಕ್ಕ," ಎಂದಳು ವರ್ನೆಲ್. "ಅಕ್ಕ, ಇಲ್ನೋಡು."

ಓಲೀತಾ ಪುಕ್ಕ ಕೀಳತೊಡಗಿದಳು. ವರ್ನೆಲ್ ಬಹಳ ಹೊತ್ತು ಕಾದಳು. ಕೊನೆಗೆ ಚೀಲವನ್ನು ಕೆಳಗಿಟ್ಟು ಬಾಗಿಲು ಹಾಕಿಕೊಂಡಳು. ಪಿಕಪ್ ತಿರುವಿನಲ್ಲಿ ಮರೆಯಾಯಿತು.

"ಬಾಲ ಮುಟ್ಬೇಡ," ಎಂದ ಹಾಯ್ಟ್ ಮರಕ್ಕೊರಗಿ. "ಅದು ಗೋಡೆಗೆ ಹಾಕಕ್ಕೆ ಬೇಕು."

"ಗೊತ್ತು," ಎಂದು ಓಲೀತಾ ಹಕ್ಕಿಯನ್ನು ಮಗುಚಿ ಹಾಕಿಕೊಂಡಳು.