ಹೆಸರಿಲ್ಲದ ಪ್ರಾರ್ಥನೆ

"ನಮ್ಮ ದೊರೆಯನ್ನು ಕಾಪಾಡು, ತಂದೆಯೇ," ಎಂದು ಲಾರೆನ್ಸ್ ರಾಟ್ರೇ ಪ್ರವಚನ ಪೀಠದಲ್ಲಿ ನಿಂತು ಕಣ್ಣು ಮುಚ್ಚಿ ಹೇಳಿದ. ಆಮೇಲೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಾದ. ಹೆಸರು ಬರಬೇಕಾಗಿದ್ದ ಜಾಗ ಅದು. ಹೆಸರು ಬರಲಿಲ್ಲ. "ಅವನ ಶತ್ರುಗಳ ಮನಸ್ಸನ್ನು ತಿದ್ದು," ಎಂದು ಪ್ರಾರ್ಥನೆ ಮುಂದೆ ಸಾಗಿತು.

ಕೆಳಗೆ ಬೆಂಚುಗಳಲ್ಲಿ ತಲೆ ತಗ್ಗಿಸಿ ಕೂತಿದ್ದವರಲ್ಲಿ ಕೆಲವರು ಕತ್ತು ಓರೆ ಮಾಡಿ ಮೇಲಿನ ಅಟ್ಟಣೆಯ ಕಡೆ ನೋಡಿದರು. ಅಲ್ಲಿ ಕೂತಿದ್ದವನು ನಿನಿಯನ್ ಸ್ಪಾಲ್ಡಿಂಗ್. ಕಿನ್‌ಬರ್ವಿ ಮತ್ತು ಅದರ ಆಚೀಚಿನ ಕಡಲ ದಂಡೆಯ ಊರುಗಳಿಗೆಲ್ಲ ಸರಕಾರದ ಅಪ್ಪಣೆ ನಡೆಸುವ ಉಪ ಶೆರೀಫ್ ಅವನೇ. ಪಾದ್ರಿ ಲಾರೆನ್ಸ್ ಅವನ ಹೆಂಡತಿಯ ತಮ್ಮ. ಸ್ಪಾಲ್ಡಿಂಗ್ ಯಾರನ್ನೂ ನೋಡದೆ ತನ್ನ ಕೈಗವಸಿನ ಹೊಲಿಗೆಯನ್ನು ಪರೀಕ್ಷಿಸುತ್ತಿದ್ದ.

ಹಳೆಯ ದೊರೆ ಸಮುದ್ರ ದಾಟಿ ಓಡಿಹೋಗಿ ವರ್ಷ ಕಳೆದಿತ್ತು. ಎಡಿನ್‌ಬರೋದ ಸಭೆ ಅವನ ಮಗಳು ಮೇರಿಗೂ ಹಾಲೆಂಡಿನ ಅಳಿಯ ವಿಲಿಯಂನಿಗೂ ಕಿರೀಟ ಕೊಟ್ಟು, ಸ್ಕಾಟ್ಲೆಂಡಿನ ಪ್ರತಿಯೊಂದು ಚರ್ಚಿನಲ್ಲೂ ಇಬ್ಬರ ಹೆಸರೆತ್ತಿ ಪ್ರಾರ್ಥಿಸಬೇಕು ಎಂದು ಕಟ್ಟಪ್ಪಣೆ ಮಾಡಿತ್ತು. ಉತ್ತರದ ಬೆಟ್ಟಗಳಲ್ಲಿ ಹಳೆಯ ದೊರೆಯ ಕಡೆಯವರು ಇನ್ನೂ ಕತ್ತಿ ಕೆಳಗಿಟ್ಟಿರಲಿಲ್ಲ. ಕಿನ್‌ಬರ್ವಿಯ ಮೀನುಗಾರರು ಯಾವ ಪಕ್ಷಕ್ಕೂ ಕತ್ತಿ ಎತ್ತಿದವರಲ್ಲ, ಆದರೆ ತಮ್ಮ ಪಾದ್ರಿಯನ್ನು ಮುಟ್ಟಿದರೆ ಸುಮ್ಮನಿರುವವರೂ ಅಲ್ಲ. ಎಡಿನ್‌ಬರೋದವರು ಕೇಳಿದಾಗಲೆಲ್ಲ ಸ್ಪಾಲ್ಡಿಂಗ್, ಚರ್ಚಿನಲ್ಲಿ ದೊರೆಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಹೇಳಿ ಕಳಿಸುತ್ತಿದ್ದ. ಅದೇನೂ ಸುಳ್ಳಲ್ಲ. ಆದರೆ ಈ ಭಾನುವಾರ ಹೊಸ ಸರಕಾರದ ಕ್ಯಾಪ್ಟನ್ ಹಾಲ್ಕೆಟ್ ಕುದುರೆ ಸಿಪಾಯಿಗಳ ಸಮೇತ ಊರಿಗೆ ಬಂದಿಳಿದಿದ್ದ. ಟೋಪಿ ಕಂಕುಳಲ್ಲಿಟ್ಟುಕೊಂಡು ಬಾಗಿಲ ಬಳಿಯೇ ನಿಂತು ಎಲ್ಲ ಕೇಳಿಸಿಕೊಂಡಿದ್ದ.

"ಯಾವ ದೊರೆ?" ಎಂದ ಕ್ಯಾಪ್ಟನ್, ಜನ ಚದುರಿದ ಮೇಲೆ, ಚರ್ಚಿನ ಅಂಗಳದಲ್ಲಿ.

"ಏನಂದ್ರಿ?"

"ನಿಮ್ಮ ಪಾದ್ರಿ ಕಾಪಾಡು ಅಂದ್ನಲ್ಲ. ಯಾವ ದೊರೇನ?"

"ಸಿಂಹಾಸನದ ಮೇಲೆ ಇರೋದು ಒಬ್ರೇ ಅಲ್ವೇ, ಕ್ಯಾಪ್ಟನ್?"

"ಇಬ್ರು," ಎಂದ ಹಾಲ್ಕೆಟ್. "ಗಂಡ, ಹೆಂಡ್ತಿ. ಇಷ್ಟು ದಿನ ನಿಮ್ಮ ಕಿವಿ ಮಂದ ಇತ್ತು ಅಂತ ಇಟ್ಕೊಳ್ಳೋಣ ಸ್ಪಾಲ್ಡಿಂಗ್ ಅವರೇ, ನಂದು ನೆಟ್ಟಗಿದೆ. ಈ ಮನುಷ್ಯ ಮುಂದಿನ ಭಾನುವಾರ ಈ ಪೀಠ ಹತ್ತಬಾರದು. ಇವನ ಜಾಗಕ್ಕೆ ಜಕಾರಿ ವೀಮ್ಸ್ ಬರ್ತಾರೆ. ಅವರೂ ಇದೇ ಚರ್ಚಿಂದ ಹೊರಗೆ ಹಾಕಿಸ್ಕೊಂಡವರು. ನಿಮಗೆ ಗೊತ್ತಿರಬೇಕು."

ಸ್ಪಾಲ್ಡಿಂಗನಿಗೆ ಗೊತ್ತಿತ್ತು. ಈಗ ಓಡಿಹೋದ ದೊರೆಯ ಅಣ್ಣ ಪಟ್ಟಕ್ಕೆ ಬಂದ ಹೊಸತರಲ್ಲಿ, ಚರ್ಚಿನ ಮೇಲೆ ಬಿಷಪ್ಪರ ಅಧಿಕಾರವನ್ನು ಒಪ್ಪದ ಪಾದ್ರಿಗಳನ್ನೆಲ್ಲ ಮನೆ ಬಿಡಿಸಿದ್ದರು. ಆಗ ಉಪ ಶೆರೀಫ್ ಆಗಿದ್ದವನು ಸ್ಪಾಲ್ಡಿಂಗನ ತಂದೆ. ವೀಮ್ಸ್ ಕೈಯಿಂದ ಚರ್ಚಿನ ಕೀಲಿಕೈ ಇಸಿದುಕೊಳ್ಳಲು ತಂದೆ ಒಳಗೆ ಹೋದಾಗ ನಿನಿಯನ್ ಹೊರಗೆ ಕುದುರೆ ಹಿಡಿದು ನಿಂತಿದ್ದ. ಅವತ್ತು ಹಿಮ ಬೀಳುತ್ತಿತ್ತು. ವೀಮ್ಸನ ಹೆಂಡತಿ ಕಂಬಳಿ ಹೊದ್ದು ಗಾಡಿ ಹತ್ತಿದ್ದಳು, ತುಂಬಿದ ಬಸುರಿ.

"ಶನಿವಾರದವರೆಗೆ ನನಗೆ ಬಿಡಿ," ಎಂದ ಸ್ಪಾಲ್ಡಿಂಗ್. "ಶನಿವಾರ ಸಂಜೆಗೆ ಕೀಲಿಕೈ ನನ್ನ ಕೈಯಲ್ಲಿ ಇರದಿದ್ರೆ ಭಾನುವಾರ ನಿಮ್ಮದು. ಆದ್ರೆ ಅಲ್ಲಿವರೆಗೆ ನಿಮ್ಮ ಸಿಪಾಯಿಗಳು ಈ ಗೇಟಿನ ಹತ್ತಿರ ಸುಳಿಯಬಾರದು. ಇಲ್ಲಿಯ ಹೆಂಗಸರನ್ನ ನೀವು ಕಂಡಿಲ್ಲ."

"ಹೆಂಗಸರೇ?" ಎಂದು ಕ್ಯಾಪ್ಟನ್ ನಕ್ಕ. ಆದರೂ ಒಪ್ಪಿಕೊಂಡ.

ಸುದ್ದಿ ಸ್ಪಾಲ್ಡಿಂಗನಿಗಿಂತ ಮುಂಚೆ ಮನೆ ಮುಟ್ಟಿತ್ತು. ಗ್ರಿಝೆಲ್ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಅವನನ್ನ ನೀವೇ ಹೊರಗೆ ಹಾಕ್ತೀರಂತೆ?"

"ನಾನು ಹಾಕದೇ ಇದ್ರೆ ಸಿಪಾಯಿಗಳು ಹಾಕ್ತಾರೆ."

"ಹಾಗಾದ್ರೆ ಸಿಪಾಯಿಗಳೇ ಹಾಕ್ಲಿ. ಅವರು ನಮ್ಮವ್ವನ ಕೈಯಡುಗೆ ಉಂಡವರಲ್ಲ."

"ಅವರು ಬಂದ್ರೆ ಗುಂಡು ಹಾರುತ್ತೆ ಕಣೇ."

ಓಟ್ಸ್ ರೊಟ್ಟಿ ಹೆಂಚಿನ ಮೇಲೆ ಸೀದು ಹೋಗಿತ್ತು. ಅದನ್ನೇ ಅವನ ತಟ್ಟೆಗೆ ಹಾಕಿ ಒಳಗೆ ಹೋದಳು.

ಮಾರನೆಯ ದಿನ ಅವನು ಪಾದ್ರಿಮನೆಗೆ ಹೋದಾಗ ಲಾರೆನ್ಸ್ ಹಿತ್ತಲಲ್ಲಿ ಕೋಸಿನ ಎಲೆಗಳಿಂದ ಹುಳ ಹೆಕ್ಕುತ್ತಿದ್ದ. ಮದುವೆಯಾಗದವನು, ತೆಳ್ಳಗಿನ ಆಳು. ಮೊಣಕಾಲಿನ ಮಣ್ಣು ಕೊಡವಿಕೊಂಡು ಎದ್ದ.

"ವಿಲಿಯಂ, ಮೇರಿ. ಎರಡೇ ಎರಡು ಮಾತು, ಲಾರೆನ್ಸಾ," ಎಂದ ಸ್ಪಾಲ್ಡಿಂಗ್. "ಕೆಮ್ಮಿದಷ್ಟು ಹೊತ್ತಲ್ಲಿ ಮುಗಿದು ಹೋಗುತ್ತೆ. ಬೇಕಾದ್ರೆ ಕೆಮ್ಮುತ್ತಲೇ ಹೇಳು."

ಲಾರೆನ್ಸ್ ನಕ್ಕ. "ಭಾವ, ನೀವು ಹಳೇ ದೊರೆಗೂ ಪ್ರಮಾಣ ಮಾಡಿದ್ರಿ, ಈಗಿನವರಿಗೂ ಮಾಡಿದ್ರಿ. ಎರಡನೇ ಸಲ ಮಾಡುವಾಗ ಹೇಗನ್ನಿಸ್ತು?"

ಸ್ಪಾಲ್ಡಿಂಗ್ ಸ್ವಲ್ಪ ಯೋಚಿಸಿದ. "ಗಂಟಲು ಒಣಗಿತ್ತು. ಆಮೇಲೆ ಊಟ ಹಾಕಿದ್ರು."

"ನನಗೆ ಆ ಊಟ ಇಳಿಯಲ್ಲ, ಭಾವ. ಹಳೇ ದೊರೆ ಒಳ್ಳೆಯವನು ಅಂತಲ್ಲ. ಅವನು ಬದುಕಿರೋವರೆಗೆ ಅವನಿಗೇ ಅಂತ ಒಂದ್ಸಲ ಮಾತು ಕೊಟ್ಬಿಟ್ಟಿದ್ದೀನಿ. ನೀವು ಶನಿವಾರ ಬನ್ನಿ. ಕೀಲಿಕೈ ಕೊಡ್ತೀನಿ. ಸಿಪಾಯಿಗಳ ಕೈಗೆ ಕೊಡಲ್ಲ, ಅಷ್ಟೇ."

ಜಕಾರಿ ವೀಮ್ಸ್ ಶನಿವಾರ ಮಧ್ಯಾಹ್ನ ಬಂದ. ಅವನಿಗಾಗಿ ಕ್ಯಾಪ್ಟನ್ ಕುದುರೆ ಕಳಿಸಿದ್ದ. ಮುದುಕ ಅದನ್ನು ವಾಪಸು ಕಳಿಸಿ ಕೋಲೂರಿಕೊಂಡು ನಡೆದೇ ಬಂದಿದ್ದ. ಬಾಯಲ್ಲಿ ಹಲ್ಲಿರಲಿಲ್ಲ. ಕೋಟು ಹಸಿರು ಬಣ್ಣಕ್ಕೆ ತಿರುಗಿತ್ತು. ಸ್ಪಾಲ್ಡಿಂಗನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮಪ್ಪನ ಮೂಗು," ಎಂದ. ಇಬ್ಬರೂ ಚರ್ಚಿನ ಕಡೆ ಹೊರಟರು.

ಗೇಟಿನಲ್ಲಿ ಊರಿನ ಹೆಂಗಸರೆಲ್ಲ ನೆರೆದಿದ್ದರು. ಒಬ್ಬೊಬ್ಬಳ ಮಡಿಲಲ್ಲೂ ಕಡಲ ದಂಡೆಯ ಕಲ್ಲುಗಳು ಜೋತು ಬಿದ್ದಿದ್ದವು. ಮುಂದೆ ನಿಂತವಳು ಮೀನು ಮಾರುವ ಎಫಿ ಡುತೀ. ಅವಳ ಹಿಂದೆ, ಮೂರನೆಯ ಸಾಲಿನಲ್ಲಿ, ಗ್ರಿಝೆಲ್. ಅವಳ ಮಡಿಲೂ ಭಾರವಾಗಿತ್ತು. ಸ್ಪಾಲ್ಡಿಂಗ್ ಅವಳನ್ನು ನೋಡಿದ. ಅವಳು ಅವನ ತಲೆಯ ಮೇಲಿಂದ ಆಚೆ ನೋಡುತ್ತಿದ್ದಳು.

"ಬಂದ್ರು ನೋಡ್ರೇ, ಗಾಳಿ ಬಂದತ್ತ ತಿರುಗೋ ನಮ್ಮ ಗಾಳಿಕೋಳಿ ದಣಿ!" ಎಂದಳು ಎಫಿ. "ಈ ಸಲ ಗಾಳಿ ಯಾವ ಕಡೆಯಿಂದ, ಸಾಹೇಬ್ರೇ? ಹಾಲೆಂಡಿಂದಾನಾ?"

ಹೆಂಗಸರು ಕೇಕೆ ಹಾಕಿದರು. ವೀಮ್ಸ್ ಕೋಲಿನ ಮೇಲೆ ಬಾಗಿ ಅವಳ ಮುಖವನ್ನೇ ದಿಟ್ಟಿಸಿದ. "ನೀನು ಡೇವಿ ಡುತೀ ಮಗಳಲ್ವಾ? ನಿನಗೆ ದೀಕ್ಷೆಯ ನೀರು ಹಾಕಿದ್ದು ನಾನೇ. ಗೂಬೆ ಹಾಗೆ ಕಿರುಚಿದ್ದೆ."

"ಆ ನೀರು ಆಗ್ಲೇ ಒಣಗಿ ಹೋಗಿದೆ ಮುದುಕ್ರೇ. ಬಂದ ದಾರಿ ಹಿಡೀರಿ."

ಯಾರು ಎಸೆದರೋ ತಿಳಿಯಲಿಲ್ಲ. ಕಲ್ಲು ಸ್ಪಾಲ್ಡಿಂಗನ ಕಿವಿಯ ಪಕ್ಕದಿಂದ ಹಾದು ಮುದುಕನ ಭುಜಕ್ಕೆ ತಗುಲಿತು. ವೀಮ್ಸ್ ಒಂದು ಹೆಜ್ಜೆ ತತ್ತರಿಸಿ, ಪಕ್ಕದ ಗೋರಿಯ ಚಪ್ಪಡಿಯ ಮೇಲೆ ಕುಕ್ಕರಿಸಿದ. ಕೇಕೆ ನಿಂತಿತು. ಗುಡ್ಡದ ಬುಡದಲ್ಲಿ ಕುದುರೆಗಳ ಲಗಾಮಿನ ಸದ್ದು ಕೇಳಿಸಿತು. ಕ್ಯಾಪ್ಟನ್ ಮಾತು ಉಳಿಸಿಕೊಂಡಿದ್ದ, ಆದರೆ ದೂರವೇನೂ ಹೋಗಿರಲಿಲ್ಲ. ಇನ್ನೊಂದು ಕಲ್ಲು ಹಾರಿದರೆ ಅವನು ಮೇಲೆ ಬರುತ್ತಾನೆ ಎಂದು ಸ್ಪಾಲ್ಡಿಂಗನಿಗೆ ಗೊತ್ತಿತ್ತು. ಅವನು ಮುದುಕನ ಮುಂದೆ ಹೋಗಿ ಹೆಂಗಸರ ಕಡೆ ಮುಖ ಮಾಡಿ ನಿಂತ. ಟೋಪಿ ತೆಗೆದ.

ಆಗ ಪಾದ್ರಿಮನೆಯ ಬಾಗಿಲು ತೆರೆದು ಲಾರೆನ್ಸ್ ಓಡುತ್ತ ಬಂದ. ಹೆಂಗಸರನ್ನೂ ನೋಡಲಿಲ್ಲ, ಭಾವನನ್ನೂ ನೋಡಲಿಲ್ಲ. ಮುದುಕನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಒಳಗೆ ಕರೆದುಕೊಂಡು ಹೋದ.

ಒಳಗೆ ಗಂಟು ಮೂಟೆ ಕಟ್ಟಿ ಆಗಿತ್ತು. ಲಾರೆನ್ಸ್ ಒದ್ದೆ ಬಟ್ಟೆ ತಂದು ಮುದುಕನ ಭುಜಕ್ಕೆ ಒತ್ತಿದ. ಸ್ಪಾಲ್ಡಿಂಗ್ ಬಾಗಿಲಲ್ಲೇ ನಿಂತ. ವೀಮ್ಸ್ ಗೋಡೆ, ತೊಲೆ, ಕಿಟಕಿ ಎಲ್ಲವನ್ನೂ ಒಂದೊಂದಾಗಿ ನೋಡುತ್ತಿದ್ದ.

"ಹಿಂದಿನ ಕೋಣೆ ಇನ್ನೂ ಸೋರುತ್ತಾ?"

"ಸೋರುತ್ತೆ," ಎಂದ ಲಾರೆನ್ಸ್.

"ಸರಿ ಮಾಡಿಸ್ಬೇಕು ಅಂತಿದ್ದೆ. ಆಗ್ಲಿಲ್ಲ." ಮುದುಕ ಸ್ಪಾಲ್ಡಿಂಗನ ಕಡೆ ತಿರುಗಿದ. "ನಿಮ್ಮಪ್ಪ ಬಂದದ್ದು ಚಳಿಗಾಲದಲ್ಲಿ. ನೀನು ಬೇಸಿಗೆಯಲ್ಲಿ ಬಂದಿದ್ದೀಯ. ಅಷ್ಟರ ಮಟ್ಟಿಗೆ ಆಡಳಿತ ಸುಧಾರಿಸಿದೆ."

ಸ್ಪಾಲ್ಡಿಂಗನಿಗೆ, ಗಾಡಿ ಹತ್ತಿದ ಆ ಹೆಂಗಸು ಏನಾದಳು ಎಂದು ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಮುದುಕ ಲಾರೆನ್ಸ್ ಕಡೆ ತಿರುಗಿ ಕೇಳಿದ:

"ಎಲ್ಲಿಗೆ ಹೋಗ್ತೀಯಪ್ಪಾ?"

"ಮೇಲಿನ ತೋಟದವರು ಹುಲ್ಲಿನ ಕೊಟ್ಟಿಗೆ ಕೊಟ್ಟಿದ್ದಾರೆ. ಅಲ್ಲೇ ಪ್ರಾರ್ಥನೆ ನಡೆಸ್ತೀನಿ."

"ಕೊಟ್ಟಿಗೆಯ ಸೂರು ನೋಡ್ಕೊಂಡ್ಯಾ? ಮೊದಲ್ನೇ ಚಳಿಗಾಲ ಕಾಲು ಒದ್ದೆ ಆಗದ ಹಾಗೆ ನೋಡ್ಕೋ. ನಾವು ಬೂಟು ಮಾರ್ಕೊಂಡ್ವಿ. ಅದು ತಪ್ಪಾಯ್ತು. ನನ್ನ ಹೆಂಡತಿ ಫೆಬ್ರವರಿ ದಾಟಲಿಲ್ಲ. ಮಗೂನೂ ಉಳೀಲಿಲ್ಲ." ದಾರಿಯ ಖರ್ಚು ಹೇಳಿದಂತೆ ಹೇಳಿದ.

ಲಾರೆನ್ಸ್ ಬಟ್ಟೆಯನ್ನು ಮತ್ತೆ ಒದ್ದೆ ಮಾಡಿ ಒತ್ತುತ್ತ ಕೇಳಿದ: "ನಾಳೆ ನೀವು ಹೆಸರು ಹೇಳ್ತೀರಾ?"

"ನನ್ನ ಮನಸ್ಸು ಒಪ್ಪುತ್ತೆ. ಹೇಳ್ತೀನಿ. ನಿನ್ನ ಮನಸ್ಸು ಒಪ್ಪಲ್ಲ, ನೀನು ಹೇಳ್ಬೇಡ." ಮುದುಕ ಎದ್ದು ನಿಂತ. "ಆ ಪೆಟ್ಟಿಗೆಯ ಒಂದು ತುದಿ ನನಗೆ ಕೊಡು."

"ಬೇಡ, ನಿಮ್ಮ ಭುಜ..."

"ಒಂದು ಭುಜಕ್ಕೆ ತಾನೇ ಬಿದ್ದಿದ್ದು?"

ಲಾರೆನ್ಸ್ ಗೋಡೆಯ ಮೊಳೆಯಿಂದ ಕೀಲಿಕೈ ತೆಗೆದು ಭಾವನ ಕೈಗಿತ್ತ. ಇಬ್ಬರು ಪಾದ್ರಿಗಳು ಪೆಟ್ಟಿಗೆಯ ಎರಡು ತುದಿ ಹಿಡಿದು ಹೊರಗೆ ಬಂದರು. ಸ್ಪಾಲ್ಡಿಂಗ್ ಹಿಂದೆ ಹಾಸಿಗೆಯ ಸುರುಳಿ ಹೊತ್ತು ಬಂದ. ಉಪ ಶೆರೀಫ್ ಹೊರೆ ಹೊತ್ತದ್ದನ್ನು ಕಿನ್‌ಬರ್ವಿ ಯಾವತ್ತೂ ಕಂಡಿರಲಿಲ್ಲ. ಹೆಂಗಸರು ದಾರಿ ಬಿಡಲೂ ಇಲ್ಲ, ಅಡ್ಡ ಬರಲೂ ಇಲ್ಲ. ಮುದುಕ ಗೇಟಿನ ಬಳಿ ಎಡವಿದ. ಎಫಿ ಗೊಣಗುತ್ತ ಮಡಿಲು ಬಿಚ್ಚಿದಳು. ಕಲ್ಲುಗಳು ದಬದಬ ಉದುರಿದವು.

"ಬಿಡ್ರೀ ಮುದುಕ್ರೇ, ಬಿದ್ದು ಸತ್ರೆ ಅದೂ ನಮ್ಮ ತಲೆಗೇ ಬರುತ್ತೆ," ಎಂದು ಪೆಟ್ಟಿಗೆಯ ತುದಿಯನ್ನು ಕಿತ್ತುಕೊಂಡಳು. ಗ್ರಿಝೆಲ್ ತನ್ನ ಕಲ್ಲುಗಳನ್ನೂ ಸುರಿದು ಬಂದು ಗಂಡನ ಹೆಗಲಿನಿಂದ ಹಾಸಿಗೆಯನ್ನು ಎಳೆದುಕೊಂಡಳು. ತಮ್ಮನ ಹಿಂದೆ ಗುಡ್ಡ ಹತ್ತಿದಳು. ಉಳಿದವರೂ ಮಡಿಲು ಬರಿದು ಮಾಡಿ ಹಿಂಬಾಲಿಸಿದರು. ಅಂಗಳದಲ್ಲಿ ಸ್ಪಾಲ್ಡಿಂಗ್, ವೀಮ್ಸ್ ಇಬ್ಬರೇ ಉಳಿದರು, ಜೊತೆಗೆ ಒಂದು ರಾಶಿ ಕಲ್ಲು.

ಕ್ಯಾಪ್ಟನ್ ಮೇಲೆ ಬಂದು ಕುದುರೆಯ ಮೇಲಿಂದಲೇ ನೋಡಿದ. "ಒಂದು ಗುಂಡೂ ಹಾರಲಿಲ್ಲ. ಭೇಷ್! ಎಡಿನ್‌ಬರೋದಲ್ಲಿ ನಿಮ್ಮ ವಿಷಯ ಹೇಳ್ತೀನಿ."

"ಹೇಳದಿದ್ರೂ ನಡೆಯುತ್ತೆ," ಎಂದ ಸ್ಪಾಲ್ಡಿಂಗ್.

ಭಾನುವಾರ ವೀಮ್ಸ್ ಪೀಠ ಹತ್ತಿ, ವಿಲಿಯಂ ಮತ್ತು ಮೇರಿಯ ಹೆಸರನ್ನು ಸ್ಪಷ್ಟವಾಗಿ ಹೇಳಿದ. ಕೇಳಲು ಸಿಪಾಯಿಗಳಿದ್ದರು, ಊರಿನ ನಾಲ್ಕಾರು ಹಿರಿಯರಿದ್ದರು, ಅಟ್ಟಣೆಯ ಮೇಲೆ ಸ್ಪಾಲ್ಡಿಂಗ್ ಒಬ್ಬನೇ ಇದ್ದ. ಪ್ರಾರ್ಥನೆ ಮುಗಿದ ಮೇಲೆ ಅವನು ಯಾರಿಗೂ ಕಾಯದೆ ಮನೆಗೆ ನಡೆದ.

ಗ್ರಿಝೆಲ್ ಬಂದಾಗ ಮಧ್ಯಾಹ್ನ ಕಳೆದಿತ್ತು. ಲಂಗದ ಅಂಚಿಗೆ ಹುಲ್ಲು ಅಂಟಿತ್ತು. ಕೊಟ್ಟಿಗೆಯಲ್ಲಿ ಎಷ್ಟು ಜನ ಇದ್ದರು ಎಂದು ಅವನು ಕೇಳಲಿಲ್ಲ. ಅವಳು ಬೇಯಿಸಿದ ಮೀನು, ರೊಟ್ಟಿ ತಂದಿಟ್ಟು ಎದುರಿಗೆ ಕೂತಳು. ಊಟಕ್ಕೆ ಮುಂಚೆ ಪ್ರಾರ್ಥನೆ ಹೇಳುವುದು ಮನೆಯ ಯಜಮಾನನ ಪಾಲಿನ ಕೆಲಸ. ಅವನು ಕೈ ಜೋಡಿಸಿದ. ಅನ್ನಕ್ಕಾಗಿ, ಕಡಲಿಗಾಗಿ, ಕಡಲಿಗೆ ಹೋದವರಿಗಾಗಿ ಪ್ರಾರ್ಥಿಸಿದ.

"ನಮ್ಮ ದೊರೆಯನ್ನು..." ಎಂದ.

ಗ್ರಿಝೆಲ್ ಕಣ್ಣು ತೆರೆದು ಅವನನ್ನು ನೋಡುತ್ತಿದ್ದಳು. ಸಿಟ್ಟಿನಿಂದಲ್ಲ. ಸುಮ್ಮನೆ ಕಾಯುತ್ತಿದ್ದಳು. ಅವನ ತುಟಿ ಅಲುಗಿತು, ಹೆಸರು ಹೊರಡಲಿಲ್ಲ. ಮೀನಿನಿಂದ ಏಳುತ್ತಿದ್ದ ಹಬೆ ತೆಳುವಾಗುತ್ತ ಬಂತು.

"ಆಮೆನ್," ಎಂದಳು ಗ್ರಿಝೆಲ್. ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಅವನ ಪಾಲಿನ ಮೀನಿನ ಮುಳ್ಳು ಬಿಡಿಸತೊಡಗಿದಳು.